ಒಂದೇ ಬಡಿತದ ಮೇಲೆ ಎಷ್ಟು ಹಾಡು?

ಶಾನ್ ಪಾಲ್‌ನ ‘ಗೆಟ್ ಬಿಝಿ’ ಕೇಳಿದ್ದೀರಾ? ಅದು ಮುಗಿದ ಕೂಡಲೇ ವೇಯ್ನ್ ವಂಡರ್‌ನ ‘ನೋ ಲೆಟಿಂಗ್ ಗೋ’ ಹಾಕಿ ನೋಡಿ. ಒಂದು ಕುಣಿಯೋ ಹಾಡು, ಇನ್ನೊಂದು ಪ್ರೀತಿಯ ಹಾಡು. ರಾಗ ಬೇರೆ, ಮಾತು ಬೇರೆ. ಆದರೆ ಹಿಂದೆ ಕೇಳೋ ಚಪ್ಪಾಳೆ, ಡ್ರಮ್ ಎರಡೂ ಅದೇ! ಕಾಪಿ ಹೊಡೆದಿದ್ದಾರೆ ಅನ್ಕೋಬೇಡಿ. ಜಮೈಕಾದಲ್ಲಿ ಇದೇ ಪದ್ಧತಿ.

ಅಲ್ಲಿ ಹಾಡಿನ ಹಿಂದಿನ ವಾದ್ಯದ ಭಾಗಕ್ಕೆ ‘ರಿಡಿಮ್’ ಅಂತಾರೆ. ಒಂದೇ ರಿಡಿಮ್ ಹಲವು ಗಾಯಕರ ಕೈಗೆ ಹೋಗುತ್ತದೆ. ಒಬ್ಬೊಬ್ಬರೂ ಅದರ ಮೇಲೆ ತಮ್ಮ ರಾಗ, ತಮ್ಮ ಮಾತು ಕಟ್ತಾರೆ. ಎಲ್ಲ ಸೇರಿಸಿದರೆ ಒಂದು ಆಲ್ಬಮ್. 1974ರಲ್ಲಿ ರೂಪಿ ಎಡ್ವರ್ಡ್ಸ್ ತಂದ ‘ಯಮಹಾ ಸ್ಕ್ಯಾಂಕ್’ ಇಂಥವುಗಳಲ್ಲಿ ಮೊದಲನೆಯದು ಅಂತ ಹೇಳ್ತಾರೆ. ಮೇಲಿನ ಎರಡು ಹಾಡಿನ ರಿಡಿಮ್ ಮಾಡಿದ್ದು ಸ್ಟೀವನ್ ‘ಲೆಂಕಿ’ ಮಾರ್ಸ್ಡೆನ್. 2002ರಲ್ಲಿ ಗ್ರೀನ್‌ಸ್ಲೀವ್ಸ್ ಕಂಪನಿ ಅದರ ಆಲ್ಬಮ್ ತಂತು. ಆ ರಿಡಿಮ್ ಹೆಸರೇನು ಗೊತ್ತಾ? ‘ದಿವಾಲಿ’!

ಇದನ್ನು ಓದುವಾಗ ನನಗೆ ನಮ್ಮ ನಂಜನಗೂಡು, ಟಿ. ನರಸೀಪುರ ಕಡೆಯ ನೀಲಗಾರರು ನೆನಪಾದರು. ಮಂಟೇಸ್ವಾಮಿ ಪರಂಪರೆಯ ದೀಕ್ಷೆ ಪಡೆದು ಹಾಡುವವರು ಇವರು. ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಕೂತರೆ ರಾತ್ರಿಯಿಡೀ ಕಥೆ. ಕಥೆಯ ಒಂದೊಂದು ಭಾಗಕ್ಕೆ ‘ಸಾಲು’ ಅಂತ ಹೆಸರು. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನು ಪರೀಕ್ಷೆ ಮಾಡೋದು ಒಂದು ಕಡೆ, ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳೋಕೆ ಹಲಗೂರಿನ ಪಾಂಚಾಳರ ಹತ್ರ ಹೋಗೋದು ಇನ್ನೊಂದು ಕಡೆ. ಕಥೆ ಬದಲಾಗುತ್ತದೆ, ಕೆಳಗಿನ ಬಡಿತ ಹೆಚ್ಚುಕಡಿಮೆ ಅದೇ.

ಚಿಕ್ಕವನಿದ್ದಾಗ ‘ಏನಿದು, ಒಂದೇ ಥರ’ ಅಂತ ನಾನು ಎದ್ದು ಹೋಗಿದ್ದೂ ಉಂಟು. ಈಗ ಅನ್ಸುತ್ತೆ, ಒಂದೇ ಥರ ಇರೋದೇ ಅದರ ಉಪಾಯ. ಬಡಿತ ಒಮ್ಮೆ ಕಿವಿಗೆ ಒಗ್ಗಿದ ಮೇಲೆ ನಮ್ಮ ಗಮನವೆಲ್ಲ ಮಾತಿಗೆ, ಕಥೆಗೆ ಹೋಗುತ್ತದೆ.

ಹಾಗಾದರೆ ಹಿಮ್ಮೇಳದವರ ಬದಲು ಕೀಬೋರ್ಡ್ ಬೀಟ್ ಹಾಕಿದರೆ ಸಾಲದೇ? ಜಮೈಕಾದಲ್ಲಿ ಅದೂ ಆಗಿದೆ. 1985ರಲ್ಲಿ ಬಂದ ‘ಸ್ಲೆಂಗ್ ಟೆಂಗ್’ ರಿಡಿಮ್ ಹುಟ್ಟಿದ್ದೇ ಕ್ಯಾಸಿಯೋ ಎಂಟಿ-40 ಕೀಬೋರ್ಡ್‌ನಲ್ಲಿ ಮೊದಲೇ ತುಂಬಿಸಿಟ್ಟಿದ್ದ ಒಂದು ಬೀಟ್‌ನಿಂದ. ಅದರ ಮೇಲೆ ಅದ್ಭುತ ಹಾಡುಗಳು ಬಂದವು.

ಆದರೆ ನಮ್ಮ ಭಾಷೆಯಲ್ಲಿ ಹೇಳೋದಾದರೆ ಆ ಬೀಟ್ ಓಪನ್ ಲೂಪ್. ಗಾಯಕ ಏನು ಮಾಡಿದರೂ ಅದರ ಪಾಡಿಗೆ ಅದು ಓಡುತ್ತದೆ. ನೀಲಗಾರರ ಮೇಳ ಕ್ಲೋಸ್ಡ್ ಲೂಪ್. ಮುಖ್ಯ ಗಾಯಕರು ಹಾಡು ನಿಲ್ಲಿಸಿ ಮಾತಿನಲ್ಲಿ ಕಥೆ ಹೇಳಿದರೆ ಹಿಮ್ಮೇಳ ತಗ್ಗುತ್ತದೆ, ಅವರು ಏರಿದರೆ ಇವರೂ ಏರ್ತಾರೆ. ಸೊಲ್ಲು ಎತ್ತಿಕೊಟ್ಟ ಕೂಡಲೇ ಹಿಡೀತಾರೆ. ಕಿವಿ ಇರೋ ಬಡಿತ ಅದು. ರೆಕಾರ್ಡ್ ಮಾಡಿ ಇಟ್ಟುಕೊಂಡರೆ ಬಡಿತ ಉಳಿಯುತ್ತೆ, ಕಿವಿ ಹೋಗುತ್ತೆ. ಆ ಕಿವಿ ಉಳಿಯಬೇಕು ಅಂದರೆ ಡಕ್ಕೆ ಹಿಡಿದು ಹಿರಿಯರ ಪಕ್ಕ ಕೂರೋ ಹುಡುಗರು ಬೇಕು, ಎದುರಿಗೆ ಕೂತು ಕೇಳೋರೂ ಬೇಕು.

ಜನವರಿಯಲ್ಲಿ ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ. ಈ ಸಲ ಹೋಗೋಣ್ವಾ? ನಾನಂತೂ ಮಧ್ಯದಲ್ಲಿ ಎದ್ದು ಬರಲ್ಲ.