ಬಾಸೂರು ಕಾವಲಿನ ಹುಲ್ಲೂ ಕಾಡುಗಿಡಗಳೂ

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಸುಮಾರು 1,800 ಎಕರೆ ವಿಸ್ತೀರ್ಣವುಳ್ಳ ಹುಲ್ಲುಬಯಲಾಗಿರುತ್ತದೆ. ಸರ್ಕಾರದವರು 2011ರಲ್ಲಿ ಇದನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಘೋಷಿಸಿದರು. ಕೃಷ್ಣಮೃಗಗಳಿಗೆ ಇದು ಆಶ್ರಯ. ಬೇಸಿಗೆಯಲ್ಲಿ ಇದನ್ನು ಕಂಡವರು ಬರಡು ನೆಲವೆಂದು ಹೇಳುವುದುಂಟು. ಆ ಮಾತು ತಪ್ಪು.

ಮೈಸೂರು ಅರಸರ ಕಾಲದಿಂದ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿ, ದನದ ಮಂದೆಗಳನ್ನು ಋತುವಿಗನುಸಾರವಾಗಿ ಒಂದರಿಂದ ಮತ್ತೊಂದಕ್ಕೆ ಹೊಡೆಯುತ್ತಿದ್ದರು. ಕೆರೆಯಂಗಳವೂ ನೆರಳೂ ಇದ್ದ ಕಾವಲು ಬೇಸಿಗೆಗೆ ಮೀಸಲು. ಹೀಗೆ ಬಿಡುವು ದೊರೆತ ಹುಲ್ಲು ಬೀಜಕಟ್ಟಿ ಉದುರಿಸಲು ಅವಕಾಶವಾಗುತ್ತಿತ್ತು. 1860ರಲ್ಲಿ ಖರ್ಚಿನ ಉಳಿತಾಯಕ್ಕೆಂದು ಅಮೃತಮಹಲ್ ಮಂದೆಯನ್ನು ಮಾರಿದವರೇ ಕೆಲವೇ ವರ್ಷಗಳಲ್ಲಿ ಅದನ್ನು ಪುನಃ ಕಟ್ಟಬೇಕಾಯಿತು.

ಇಂಥ ಬಯಲುಗಳಲ್ಲಿ ಮುಖ್ಯವಾದುದು ಊಬಿನ ಹುಲ್ಲು. ಎಳೆಯದಾಗಿದ್ದಾಗ ದನಗಳು ಇದನ್ನು ಇಷ್ಟಪಟ್ಟು ಮೇಯುತ್ತವೆ. ಬಲಿತ ಬಳಿಕ ಇದರ ಬೀಜದ ಊಬು ತೇವ ತಗುಲಿದಾಗ ತಿರುಚಿಕೊಂಡು ನೆಲವನ್ನು ಕೊರೆಯುವಂತೆ ಕುರಿಯ ಉಣ್ಣೆಯನ್ನೂ ಚರ್ಮವನ್ನೂ ಕೊರೆಯುವುದು. ಆದಕಾರಣ ಕುರಿಗಳನ್ನು ಊಬು ಬಲಿಯುವ ಮುನ್ನ ಮೇಯಿಸಿ, ಬಲಿತಾಗ ಬೇರೆಡೆಗೆ ಅಟ್ಟತಕ್ಕದ್ದು. ಕಾಚಿಹುಲ್ಲನ್ನು ದನಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಅದೊಂದೇ ಹೆಚ್ಚುತ್ತಿದ್ದರೆ ಮಿತಿಮೀರಿ ಮೇಯಿಸಿದ ಗುರುತೆಂದು ತಿಳಿಯಬಹುದು. ಹುಲ್ಲಿನ ನಡುವೆ ಹರಡುವ ನೀಲಿಯ ಜಾತಿಯ ಸಣ್ಣ ದ್ವಿದಳ ಗಿಡಗಳನ್ನು ಕಳೆಯೆಂದು ಕೀಳಕೂಡದು. ಅವುಗಳ ಬೇರುಗಂಟುಗಳು ನೆಲಕ್ಕೆ ಸಾರಜನಕವನ್ನು ಕೂಡಿಸುತ್ತವೆ. ತಂಗಡಿಯನ್ನು ದನ ಮೇಯದು, ಆದರೆ ಅದರ ತೊಗಟೆ ಚರ್ಮ ಹದಮಾಡುವುದಕ್ಕೆ ಬೆಲೆಯುಳ್ಳದ್ದು.

ಗೋಮಾಳವುಳ್ಳ ಗ್ರಾಮಗಳ ಮುಖಂಡರು ಮುಖ್ಯವಾಗಿ ಗಮನಿಸಬೇಕಾದುದು ಒಂದುಂಟು. ಬಯಲು ಬರಿದೆಂದು ಸದುದ್ದೇಶದಿಂದಲೇ ನೀಲಗಿರಿ ಸಸಿಗಳನ್ನು ಸಾಲಾಗಿ ನೆಡಿಸಿದ ಕಡೆಗಳಲ್ಲಿ ಹುಲ್ಲು ನೆರಳಿಗೂ ತೇವದ ಕೊರತೆಗೂ ಸಿಕ್ಕಿ ಕ್ಷೀಣಿಸುತ್ತದೆ. ನೆಡುತೋಪು ಬೇಕಿದ್ದರೆ ಅದಕ್ಕೆ ಬೇರೆ ಸ್ಥಳವನ್ನು ಆರಿಸುವುದು ಲೇಸು. ಸಂರಕ್ಷಿತ ಕಾವಲಿನಲ್ಲಂತೂ ಅಪ್ಪಣೆಯಿಲ್ಲದೆ ಏನನ್ನೂ ನೆಡತಕ್ಕದ್ದಲ್ಲ, ಕೀಳತಕ್ಕದ್ದಲ್ಲ.

ಬಳ್ಳಾರಿ ಜಾಲಿಯ ಉಪದ್ರವ ಇದಕ್ಕಿಂತಲೂ ಹೆಚ್ಚಿನದು. ದನಗಳು ಅದರ ಸಿಹಿ ಕಾಯನ್ನು ತಿಂದು, ಜೀರ್ಣವಾಗದ ಬೀಜವನ್ನು ಸಗಣಿಯೊಡನೆ ಹೊಸ ನೆಲದಲ್ಲಿ ಬಿತ್ತುತ್ತವೆ. ಬರಿದೆ ಕಡಿದರೆ ಬುಡದಿಂದ ಮತ್ತೆ ಚಿಗುರುವುದರಿಂದ ಸಸಿಯಾಗಿರುವಾಗಲೇ ಮಳೆಯ ಹದದಲ್ಲಿ ಬೇರುಸಹಿತ ಕೀಳಿಸಬೇಕು. ಅದರ ಕಾಯಿ ಉದುರುವ ಕಾಲದಲ್ಲಿ ಜಾಲಿಯ ಮೆಳೆಗಳಲ್ಲಿ ಮೇದುಬಂದ ದನಗಳನ್ನು ಕೆಲವು ದಿನ ಕೊಟ್ಟಿಗೆಯಲ್ಲಿ ಕಟ್ಟಿ, ಆಮೇಲೆ ಗೋಮಾಳಕ್ಕೆ ಬಿಡತಕ್ಕದ್ದು.