ಹತ್ತು ಮಂದಿಯ ಬೈಸಿಕಲ್ಲು

ನಮ್ಮ ಬಾಲ್ಯದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿಯಿಲ್ಲದ ಪೇಟೆಬೀದಿ ಇರಲಿಲ್ಲ. ಗಂಟೆಗೆ ನಾಲ್ಕಾಣೆ ತೆತ್ತು, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದೆವು. ಅಂಗಡಿಯಾತ ಠೇವಣಿ ಬೇಡುತ್ತಿರಲಿಲ್ಲ. “ಯಾರ ಮಗನಯ್ಯಾ ನೀನು?” ಎಂದು ಕೇಳಿ, ಪುಸ್ತಕದಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದ. ಆ ಪ್ರಶ್ನೆಯೇ ಅವನ ಬೀಗ. ಇಂದು ನಗರಗಳಲ್ಲಿ ಕಾಣುವ ಹಂಚಿಕೆಯ ಸೈಕಲ್ಲುಗಳ ಕಥೆಯೆಂದರೆ, ಈ ಪ್ರಶ್ನೆಗೆ ಬದಲಿಯೊಂದನ್ನು ಹುಡುಕಿದ ಕಥೆ.

೧೯೬೫ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಲವು ತರುಣರು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟರು. ಬೇಕಾದವರು ಏರಲಿ ಎಂಬುದು ಅವರ ಆಶಯ. ಬೀಗ ಹಾಕದಿರುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ಹೊತ್ತೊಯ್ದರು! ೧೯೯೫ರಲ್ಲಿ ಕೋಪನ್‌ಹೇಗನ್ ನಗರ, ನಾಣ್ಯ ಹಾಕಿದರೆ ಬಿಚ್ಚಿಕೊಳ್ಳುವ, ಮರಳಿಸಿದರೆ ನಾಣ್ಯ ಹಿಂದಿರುಗಿಸುವ ಸೈಕಲ್ಲುಗಳನ್ನು ತಂದಿತು. ಆದರೆ ನಾಣ್ಯಕ್ಕೆ ಹೆಸರಿಲ್ಲ. ಒಯ್ದವರು ಯಾರೆಂದು ತಿಳಿಯದೆ ಸೈಕಲ್ಲುಗಳು ಕಾಣೆಯಾಗುತ್ತಲೇ ಇದ್ದವು. ಒಯ್ದವನ ಹೆಸರನ್ನು ಹೇಳುವ ಕಾರ್ಡು ಬಂದ ಮೇಲೆಯೇ ಈ ಏರ್ಪಾಡು ಬೇರೂರಿತು. ನಮ್ಮ ಮೈಸೂರಿನಲ್ಲಿ ೨೦೧೭ರ ಜೂನ್ ತಿಂಗಳಲ್ಲಿ ೪೫೦ ಸೈಕಲ್ಲುಗಳೊಡನೆ ಆರಂಭವಾದ ‘ಟ್ರಿಣ್ ಟ್ರಿಣ್’ ಈ ಬಗೆಯದು.

ಇದರ ಅನುಕೂಲವನ್ನು ಬಸ್ಸಿಳಿದು ಬಿಸಿಲಿನಲ್ಲಿ ಮೈಲಿ ದೂರ ನಡೆದವರಿಗೆ ವಿವರಿಸಬೇಕಾಗಿಲ್ಲ. ಕೊಳ್ಳುವ ಖರ್ಚಿಲ್ಲ, ಪಂಕ್ಚರಿನ ಚಿಂತೆಯಿಲ್ಲ, ಮಹಡಿಗೆ ಹೊತ್ತೇರಿಸುವ ಪಾಡಿಲ್ಲ. ಆದರೂ ಕಾರನ್ನು ಬಿಟ್ಟು ಬಂದವರಿಗಿಂತ ಬಸ್ಸನ್ನೋ ನಡಿಗೆಯನ್ನೋ ಬಿಟ್ಟು ಬಂದವರೇ ಹೆಚ್ಚೆಂಬುದು ಹಲವು ನಗರಗಳ ಅನುಭವ. ಹೊಗೆ ತಗ್ಗೀತೆಂದು ಹಿಗ್ಗುವವರು ಇದನ್ನು ಮರೆಯಬಾರದು.

ಇನ್ನೊಂದು ತೊಡಕು ಸ್ವಾರಸ್ಯವಾದುದು. ಪ್ಯಾರಿಸ್ ನಗರದಲ್ಲಿ ೨೦೦೭ರಲ್ಲಿ ‘ವೇಲಿಬ್’ ಆರಂಭವಾದಾಗ, ಮಾಂಟ್‌ಮಾರ್ತ್ರ್ ಗುಡ್ಡದಿಂದ ಸೈಕಲ್ಲನ್ನು ಇಳಿಸಿಕೊಂಡು ಹೋಗುವವರು ಹಲವರು. ಏರಿಸಿ ತರುವವರು ವಿರಳ. ಮೇಲಿನ ನಿಲ್ದಾಣಗಳು ಬರಿದು, ಕೆಳಗಿನವು ಭರ್ತಿ. ಎತ್ತರದ ನಿಲ್ದಾಣಕ್ಕೆ ತಂದು ಬಿಟ್ಟವರಿಗೆ ಹೆಚ್ಚಿನ ನಿಮಿಷಗಳನ್ನು ಬಹುಮಾನವಾಗಿ ಕೊಟ್ಟರು. ಅದೂ ಸಾಲದೆ, ಸೈಕಲ್ಲುಗಳು ಮೋಟಾರು ವಾಹನವೇರಿ ಗುಡ್ಡ ಹತ್ತಬೇಕಾಯಿತು!

ನಿಲ್ದಾಣವೇ ಬೇಡ, ಮೊಬೈಲಿನಿಂದ ಬೀಗ ತೆರೆದು ಎಲ್ಲಿ ಬೇಕಾದರೂ ಬಿಡಿ ಎಂದವರು ಚೀನಾದ ಕಂಪನಿಗಳು. ಕಾಲುದಾರಿಗಳ ಮೇಲೆ ಸೈಕಲ್ಲಿನ ರಾಶಿಗಳೆದ್ದವು. ಕುರುಡರು, ಮುದುಕರು ನಡೆಯುವುದೆಲ್ಲಿ? ೨೦೧೭ರಲ್ಲಿ ಷಾಂಘೈ, ಬೀಜಿಂಗ್ ನಗರಗಳು ಹೊಸ ಸೈಕಲ್ಲುಗಳನ್ನು ಇಳಿಸುವುದನ್ನೇ ತಡೆದವು. ಮರುವರ್ಷದ ಕೊನೆಗೆ ಓಫೋ ಎಂಬ ಕಂಪನಿ ಮುಗ್ಗರಿಸಿದಾಗ, ಠೇವಣಿ ಕೊಟ್ಟ ಜನ ಅದರ ಕಚೇರಿಯ ಮುಂದೆ ಸಾಲುಗಟ್ಟಿ ನಿಂತರು.

ಆದುದರಿಂದ ನನ್ನ ಒಲವು ನಿಲ್ದಾಣವುಳ್ಳ ಏರ್ಪಾಡಿನ ಕಡೆಗೇ. ಅದು ದುಬಾರಿ, ನಿಜ. ನಿಲ್ದಾಣ ದೂರವಿದ್ದರೆ ಉಪಯೋಗವೂ ಅಷ್ಟಕ್ಕಷ್ಟೇ. ಆದರೆ ನಡೆಯುವವನ ದಾರಿಯನ್ನು ಅದು ಕಸಿಯುವುದಿಲ್ಲ. ಒಂದು ಕೊರತೆ ಮಾತ್ರ ಕಾಡುತ್ತದೆ. ಕಾರ್ಡೂ ಮೊಬೈಲೂ ಇಲ್ಲದ ಹತ್ತು ವರ್ಷದ ಹುಡುಗನೊಬ್ಬ ಇಂದು ಅಲ್ಲಿ ಬಂದು ನಿಂತರೆ, ಯಾರ ಮಗನೆಂದು ಕೇಳಿ ಸೈಕಲ್ಲು ಕೊಡುವವರು ಅಲ್ಲಿಲ್ಲ.