ಒಂದೇ ವರ್ಷದ ಎಂಎಸ್‌ಡಬ್ಲ್ಯೂ: ಬಾಗಿಲು ಯಾರಿಗೆ ತೆರೆದಿದೆ?

ಅಮೆರಿಕದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯೂ, ಸಾಮಾನ್ಯವಾಗಿ ಎರಡು ವರ್ಷ. ‘ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್’ ದಾರಿಯಲ್ಲಿ ಸುಮಾರು ಒಂದೇ ವರ್ಷ. ಆದರೆ ಇದಕ್ಕೆ ಯಾವುದೋ ಒಂದು ಪದವಿ ಸಾಲದು. ಅಲ್ಲಿನ ಸಮಾಜಕಾರ್ಯ ಶಿಕ್ಷಣ ಮಂಡಳಿ ಸಿಎಸ್‌ಡಬ್ಲ್ಯೂಇ ಮಾನ್ಯ ಮಾಡಿದ ಸಮಾಜಕಾರ್ಯದ ಸ್ನಾತಕ ಪದವಿ, ಅಂದರೆ ಬಿಎಸ್‌ಡಬ್ಲ್ಯೂ, ಬೇಕು. ಮನಃಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೂ ಸಿದ್ಧಾಂತ ಗೊತ್ತಲ್ಲ, ಅವರಿಗೇಕೆ ಇಲ್ಲ ಎಂದು ನೀವು ಕೇಳಬಹುದು. ಉತ್ತರ ತರಗತಿಯ ಹೊರಗಿದೆ. ಬಿಎಸ್‌ಡಬ್ಲ್ಯೂ ವಿದ್ಯಾರ್ಥಿ ಕನಿಷ್ಠ 400 ಗಂಟೆ ಕ್ಷೇತ್ರಕಾರ್ಯ ಮಾಡಿರುತ್ತಾನೆ: ಕಷ್ಟದಲ್ಲಿರುವವರ ಎದುರು ಕೂತು ಮಾತು ಶುರುಮಾಡುವುದು, ಅವರು ಹೇಳಿದ್ದನ್ನೂ ಹೇಳದೆ ನುಂಗಿದ್ದನ್ನೂ ಗಮನಿಸಿ ವರದಿ ಬರೆಯುವುದು, ಅದನ್ನು ಮೇಲ್ವಿಚಾರಕರ ಮುಂದಿಟ್ಟು ತಿದ್ದಿಸಿಕೊಳ್ಳುವುದು. ಎಂಎಸ್‌ಡಬ್ಲ್ಯೂ ಮೊದಲ ವರ್ಷ ಹಾಕುವ ಅಡಿಪಾಯವೂ ಇದೇ. ಹಾಕಿದ ಅಡಿಪಾಯವನ್ನು ಮತ್ತೆ ಹಾಕಬೇಕಿಲ್ಲ ಎಂಬುದೇ ಈ ರಿಯಾಯಿತಿಯ ತರ್ಕ.

ಹಾಗಾದರೆ ಹತ್ತು ವರ್ಷ ಎನ್‌ಜಿಒದಲ್ಲಿ ದುಡಿದವರ ಅನುಭವಕ್ಕೆ ಬೆಲೆಯಿಲ್ಲವೇ? ನ್ಯಾಯವಾದ ಪ್ರಶ್ನೆ. ಅನುಭವ ನಿಮ್ಮ ಅರ್ಜಿಗೆ ಬಲ ಕೊಡುತ್ತದೆ. ಆದರೆ ಅದನ್ನು ಕ್ರೆಡಿಟ್ ಆಗಿ ಎಣಿಸಲು ಸಿಎಸ್‌ಡಬ್ಲ್ಯೂಇ ನಿಯಮ ಬಿಡುವುದಿಲ್ಲ. ನನಗೆ ಇದು ಸರಿ ಅನಿಸುತ್ತದೆ. ತಿದ್ದುವವರಿಲ್ಲದೆ ಮಾಡಿದ ಕೆಲಸದಲ್ಲಿ ತಪ್ಪೂ ಅಭ್ಯಾಸವಾಗಿಬಿಡುತ್ತದೆ, ಅದರ ಪೆಟ್ಟು ಬೀಳುವುದು ನೊಂದವರ ಮೇಲೆ. ಕರ್ನಾಟಕದಲ್ಲಿ ಬಿಎಸ್‌ಡಬ್ಲ್ಯೂ ಮುಗಿಸಿದವರಿಗೂ ದಾರಿ ಮುಚ್ಚಿಲ್ಲ: ವಿದೇಶಿ ಪದವಿಗಳನ್ನು ಪರಿಶೀಲಿಸುವ ವ್ಯವಸ್ಥೆ ಸಿಎಸ್‌ಡಬ್ಲ್ಯೂಇಯಲ್ಲೇ ಇದೆ. ಪದವಿ ಪಡೆದು ಎಷ್ಟು ವರ್ಷವಾಗಿದೆ, ಅಂಕ ಎಷ್ಟಿದೆ ಎಂಬುದನ್ನೂ ಹಲವು ವಿಶ್ವವಿದ್ಯಾಲಯಗಳು ನೋಡುತ್ತವೆ. ಆದ್ದರಿಂದ ಅರ್ಜಿ ಶುಲ್ಕ ಕಟ್ಟುವ ಮೊದಲೇ ನಿಮ್ಮ ಅಂಕಪಟ್ಟಿ, ಕ್ಷೇತ್ರಕಾರ್ಯದ ದಾಖಲೆ ಎರಡನ್ನೂ ಕೈಯಲ್ಲಿಟ್ಟುಕೊಳ್ಳಿ.